ಅಪ್‌ಡೇಟ್: ನೆಟ್‌ವರ್ಕಿಂಗ್ ಸಪೋರ್ಟ್ ಕೆಲಸ ಸಿಕ್ಕಿತು!

ನೆಟ್‌ವರ್ಕಿಂಗ್ ಟೆಕ್ನಿಕಲ್ ಸಪೋರ್ಟ್ ಇಂಟರ್‌ವ್ಯೂಗೆ ಏನು ಓದಲಿ ಅಂತ ಕೇಳಿದ್ದೆ ಅಲ್ವಾ? ಸೆಲೆಕ್ಟ್ ಆದೆ. ಸೋಮವಾರದಿಂದ ಬೆಳ್ಳಂದೂರಿನ ಆಫೀಸಿಗೆ ಹೋಗಬೇಕು.

ಎಚ್‌ಆರ್ ಮಾತುಕತೆ ಬೇಗ ಮುಗಿಯಿತು. ಟೆಕ್ನಿಕಲ್ ರೌಂಡ್‌ನಲ್ಲೇ ಬೆವರಿಳಿಯಿತು. ಎರಡು ರೂಟರ್ ನಡುವೆ ಪಿಂಗ್ (ಸಂಪರ್ಕ ಇದೆಯಾ ಅಂತ ನೋಡುವ ಸಣ್ಣ ಸಂದೇಶ) ಹೋಗುತ್ತಿದೆ, ಆದರೆ ಓಎಸ್‌ಪಿಎಫ್ (ರೂಟರ್‌ಗಳು ದಾರಿಯ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್) ಮಾಹಿತಿ ಹಂಚುವ ಮುಂಚಿನ ಎಕ್ಸ್‌ಸ್ಟಾರ್ಟ್ ಹಂತದಲ್ಲೇ ನಿಂತಿದೆ, ಯಾಕೆ ಅಂದರು. ಏರಿಯಾ ನಂಬರ್ (ರೂಟರ್ ಸೇರಿರುವ ಗುಂಪಿನ ನಂಬರ್) ಬೇರೆ ಇರಬೇಕು ಅಂದೆ. ತಪ್ಪು. ಹಾಗಿದ್ದರೆ ಅಷ್ಟು ದೂರ ಬರುವುದೇ ಇಲ್ಲ. ಆಮೇಲೆ ಹೊಳೆಯಿತು: ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಒಂದು ಕಡೆ 1500 ಬೈಟ್, ಇನ್ನೊಂದು ಕಡೆ 1400!

ಗ್ರಾಹಕರು ಸಿಟ್ಟಾಗಿದ್ದರೆ ಏನು ಮಾಡುತ್ತೀರಿ ಅಂತಲೂ ಕೇಳಿದರು. ಮೊದಲು ಪೂರ್ತಿ ಕೇಳಿಸಿಕೊಳ್ಳುತ್ತೇನೆ, ಆಮೇಲೆ ಯಾವಾಗಿನಿಂದ ತೊಂದರೆ, ಹಿಂದಿನ ದಿನ ಏನು ಬದಲಾಯಿಸಿದರು ಅಂತ ವಿಚಾರಿಸುತ್ತೇನೆ ಅಂದೆ.

"ಸುಮ್ನೆ ಕಮಾಂಡ್ ಬಾಯಿಪಾಠ ಮಾಡಬೇಡ, ವೈರ್‌ಶಾರ್ಕ್‌ನಲ್ಲಿ ಪ್ಯಾಕೆಟ್ ನೋಡು" (ವೈರ್‌ಶಾರ್ಕ್ ಅಂದರೆ ನೆಟ್‌ವರ್ಕ್‌ನಲ್ಲಿ ಹೋಗುವ ಡೇಟಾ ತೋರಿಸುವ ಸಾಫ್ಟ್‌ವೇರ್) ಅಂತ ಆಗ ಉತ್ತರ ಕೊಟ್ಟಿದ್ದ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ನಿಮ್ಮ ಆ ಒಂದು ಮಾತು ಜಾಸ್ತಿ ಕೆಲಸಕ್ಕೆ ಬಂತು.