ರಾಯಚೂರಿನ ಬಿಸಿಲಿಗೆ ಯಾವ ಇ-ರೀಡರ್?

ಪ್ರಶ್ನೆ: ನಾನು ರಾಯಚೂರಿನವಳು. ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂತರೆ ಮೊಬೈಲಿನಲ್ಲಿ ಅಕ್ಷರ ಕಾಣಲ್ಲ, ನನ್ನ ಮುಖವೇ ಕಾಣುತ್ತದೆ. ಅಮೆಜಾನ್‌ನ ಇ-ರೀಡರ್ (ಇ-ಪುಸ್ತಕ ಓದುವ ಸಾಧನ) ಸಾದಾ ಕಿಂಡಲ್ ಸಾಕಾ, ಅದರದೇ ಮೇಲಿನ ಮಾದರಿ ಪೇಪರ್‌ವೈಟ್‌ಗೆ ಜಾಸ್ತಿ ದುಡ್ಡು ಹಾಕಬೇಕಾ? ಓದಲು ಇರುವುದೆಲ್ಲ ಸ್ಕ್ಯಾನ್ ಮಾಡಿದ ಕನ್ನಡ ಪಿಡಿಎಫ್.

ಉತ್ತರ 1: ಬಿಸಿಲಿನ ಚಿಂತೆ ಬಿಡಿ ಅಕ್ಕಾ. ಇ-ಇಂಕ್ ಪರದೆ ಕಾಗದದ ಹಾಗೆಯೇ. ಈಗಿನ ಎರಡೂ 300 ಪಿಪಿಐ, ಅಂದರೆ ಇಂಚಿಗೆ 300 ಚುಕ್ಕೆ; ಸ್ಪಷ್ಟತೆ ಒಂದೇ. ಪೇಪರ್‌ವೈಟ್‌ನಲ್ಲಿ ಹಳದಿ ಬೆಳಕಿದೆ, ನೀರು ಬಿದ್ದರೂ ತಡೆಯುತ್ತದೆ.

ಉತ್ತರ 2: ಪಿಡಿಎಫ್ ಅಂದ್ರಲ್ಲ, ಸ್ವಲ್ಪ ತಡೀರಿ. ನನ್ನ 6 ಇಂಚಿನದರಲ್ಲಿ ಒತ್ತಕ್ಷರ ಸಾಸಿವೆ ಕಾಳು! ಸ್ಕ್ಯಾನ್ ಪುಟ ಬರೀ ಚಿತ್ರ ಅಲ್ವಾ, ಅಕ್ಷರ ಮಾತ್ರ ದೊಡ್ಡದು ಮಾಡಲು ಬರಲ್ಲ. ಅಡ್ಡ ತಿರುಗಿಸಿ ಅರ್ಧರ್ಧ ಪುಟ ಓದುತ್ತೇನೆ. ಇಪಬ್ (ಅಕ್ಷರ ದೊಡ್ಡದು ಮಾಡಲು ಬರುವ ಇ-ಪುಸ್ತಕದ ಫೈಲ್) ಇದ್ದರೆ ಕೋಬೋ ಅನ್ನೋ ಬೇರೆ ಕಂಪನಿಯ ಇ-ರೀಡರ್ ನೇರವಾಗಿ ತೆರೆಯುತ್ತದೆ.

ಪ್ರಶ್ನೆ ಕೇಳಿದವಳು: ಹಾಗಾದರೆ ಮೊದಲು ನಿಮ್ಮದನ್ನೇ ಒಂದು ದಿನ ಕೊಡ್ತೀರಾ?