ಕೊಲ್ಹಾರ ಸೇತುವೆ ದಾಟುತ್ತಲೇ ಗಾಡಿ ಬಂದ್ ಬಿತ್ತು: ಮುಂದೆ ಹೋಗಲೋ, ಕಾಯಲೋ?

ವಿಜಯಪುರ ಹುಡುಗ:
ಎಲ್ಲರಿಗೂ ನಮಸ್ಕಾರ. ದೀಪಾವಳಿ ರಜೆಗೆ ಗೋಕರ್ಣಕ್ಕೆ ಹೊರಟಿದ್ದೆವು, ನಾನು ಮತ್ತು ಮಾವನ ಮಗ. ಒಂದೇ ಬೈಕು, 350 ಸಿಸಿ, ಬಿಎಸ್6, ಮೂರು ವರ್ಷ ಆಗಿದೆ. ಎರಡು ದಿನ ಮೊದಲಷ್ಟೇ 3,840 ಕೊಟ್ಟು ಸರ್ವಿಸ್ ಮಾಡಿಸಿದ್ದೆ. ಕೊಲ್ಹಾರ ಸೇತುವೆ ದಾಟಿದ ಮೇಲೆ ಹೆಡ್‌ಲೈಟ್ ಮಂಕಾಯಿತು, ಇಂಜಿನ್ ಮಿಸ್ ಹೊಡೆಯಿತು, ಆಮೇಲೆ ಪೂರಾ ಬಂದ್. ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್. ತಳ್ಳಿದರೂ ಚಾಲು ಆಗಲಿಲ್ಲ. ಟಮ್‌ಟಮ್‌ನಲ್ಲಿ ಹಾಕಿಕೊಂಡು ಬಾಗಲಕೋಟೆಗೆ ತಂದೆವು, 1,800 ತಗೊಂಡ. ಇಲ್ಲಿ ಗ್ಯಾರೇಜಿನವರು ಸ್ಟೇಟರ್ ಕಾಯಿಲ್ (ಇಂಜಿನ್ ಒಳಗೆ ಕರೆಂಟ್ ಹುಟ್ಟಿಸುವ ಸುರುಳಿ) ಸುಟ್ಟಿದೆ, ಸಾಮಾನು ಹುಬ್ಬಳ್ಳಿಯಿಂದ ಬರಬೇಕು, ಎರಡು ದಿನ ಬೇಕು ಅಂತಾರೆ. ಹೊಸ ಬ್ಯಾಟರಿ ಹಾಕಿ ಹಗಲಲ್ಲೇ ಓಡಿಸಿದರೆ ಗೋಕರ್ಣ ಮುಟ್ಟಬಹುದಾ? ಅನುಭವ ಇದ್ದವರು ಹೇಳಿ.

ನವನಗರ ಮೇಷ್ಟ್ರು:
ತಮ್ಮಾ, ಕಾಯಿಲ್ ಅಂದ ಕೂಡಲೇ ಹೂಂ ಅನ್ನಬೇಡ. 2023ರ ಮೇ ತಿಂಗಳಲ್ಲಿ ನನಗೂ ಇದೇ ಮಾತು ಹೇಳಿದ್ದರು. ಶ್ರೀಶೈಲಕ್ಕೆ ಹೊರಟಿದ್ದೆ, ಹುನಗುಂದ ಕೂಡ ಮುಟ್ಟಿರಲಿಲ್ಲ, ಅಮೀನಗಡದ ಹತ್ತಿರ ನಿಂತಿತು. ಮೊದಲ ಗ್ಯಾರೇಜಿನವನು ಕಾಯಿಲ್ 4,200, ಆರ್‌ಆರ್ ಯೂನಿಟ್ (ಚಾರ್ಜಿಂಗ್ ಹದದಲ್ಲಿ ಇಡುವ ಡಬ್ಬಿ) 1,950, ಮಜೂರಿ 800, ಒಟ್ಟು 6,950 ಅಂತ ಚೀಟಿ ಬರೆದುಕೊಟ್ಟ. ಬಿಸಿಲಲ್ಲಿ ನಿಂತು ತಲೆ ಕೆಟ್ಟಿತ್ತು, 2,000 ಅಡ್ವಾನ್ಸ್ ಕೊಟ್ಟುಬಿಟ್ಟೆ. ಚಹಾ ಕುಡಿಯೋಕೆ ಆಚೆ ಬಂದಾಗ ಪಕ್ಕದ ಅಂಗಡಿಯ ವಯಸ್ಸಾದ ಮಿಸ್ತ್ರಿ ಒಬ್ಬರು ಕೇಳಿದರು, ಕಪ್ಲರ್, ಅಂದರೆ ಕಾಯಿಲ್ಲಿನ ವೈರು ಕೂಡುವ ಜಾಯಿಂಟ್, ಬಿಚ್ಚಿ ನೋಡಿದರೇನು ಅಂತ. ಯಾರೂ ನೋಡಿರಲಿಲ್ಲ. ಅವರೇ ಬಂದು ಸೈಡ್ ಕವರ್ ತೆಗೆದು ಎಳೆದರು. ಮೂರು ಹಳದಿ ವೈರು ಹೋಗಿ ಕೂಡುವ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ ಕರಗಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಒಂದು ಪಿನ್ ಕರ್ರಗೆ ಸುಟ್ಟು ಕೈಗೇ ಕಿತ್ತು ಬಂತು. ಕಪ್ಲರ್ ಕತ್ತರಿಸಿ, ವೈರು ಬೆಸೆದು, ಸ್ಲೀವ್ ಹಾಕಿದರು. 150 ರೂಪಾಯಿ. ಅದರಲ್ಲೇ ಶ್ರೀಶೈಲಕ್ಕೆ ಹೋಗಿ ಬಂದೆ, ಇವತ್ತಿಗೂ ಅದೇ ವೈರಿನಲ್ಲಿ ಓಡುತ್ತಿದೆ. ಆ 2,000 ಮಾತ್ರ ವಾಪಸ್ ಬರಲಿಲ್ಲ. ಮೂರು ಸಲ ಹೋದೆ, ಮೂರು ಸಲದ ಪೆಟ್ರೋಲೂ ನನ್ನದೇ. ಈಗ ನೆನೆದರೂ ಹೊಟ್ಟೆ ಉರಿಯುತ್ತೆ.

ಉದ್ಯಮಬಾಗ ಫಿಟ್ಟರ್:
ಮೇಷ್ಟ್ರೇ, ನಿಮ್ಮ ಗಾಡಿ ಓಡುತ್ತಿದೆ, ಸಂತೋಷ. ಆದರೆ ಕಪ್ಲರ್ ಸುಮ್ನೆ ಕರಗಲ್ಲ. ಪಿನ್ ಸಡಿಲ ಆಗಿರಬೇಕು, ಇಲ್ಲಾ ಲೋಡ್ ಜಾಸ್ತಿ ಆಗಿರಬೇಕು. ಕಾರಣ ಹುಡುಕದೆ ವೈರು ನೇರ ಬೆಸೆದರೆ ಮುಂದಿನ ಸಲ ಬಿಸಿ ಬೇರೆ ಕಡೆ ಏರುತ್ತೆ.

ತಮ್ಮಾ, ಮೊದಲು ಮೀಟರ್ ಇಟ್ಟು ನೋಡಿಸು. ಚಾರ್ಜ್ ತುಂಬಿದ ಬ್ಯಾಟರಿ ಇಂಜಿನ್ ಬಂದ್ ಇದ್ದಾಗ 12.6 ವೋಲ್ಟ್ ಹತ್ತಿರ ತೋರಿಸಬೇಕು, ಚಾಲು ಮಾಡಿ ರೇಸ್ ಕೊಟ್ಟಾಗ 14ರ ಆಸುಪಾಸು ಏರಬೇಕು. ಏರದಿದ್ದರೆ ಚಾರ್ಜಿಂಗ್ ಇಲ್ಲ ಅಂತಲೇ ಅರ್ಥ. ಆಗ ಹೊಸ ಬ್ಯಾಟರಿ ಹಾಕಿ ಓಡಿಸೋ ಮಾತು ಬಿಟ್ಟುಬಿಡು. 2017ರಿಂದ ಬಂದ ಗಾಡಿಗಳಲ್ಲಿ ಹೆಡ್‌ಲೈಟ್ ಬಂದ್ ಮಾಡೋಕೂ ಬರಲ್ಲ. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್, ಇಂಜೆಕ್ಟರ್, ಇಗ್ನಿಷನ್, ಎಲ್ಲಾ ಅದೇ ಸಣ್ಣ ಬ್ಯಾಟರಿಯನ್ನೇ ತಿನ್ನುತ್ತವೆ. ಕೆರೂರು ದಾಟಿ ನರಗುಂದದ ತನಕ ಬಂದರೆ ಅದೇ ಹೆಚ್ಚು. ಅರಬೈಲ್ ಘಟ್ಟದಲ್ಲಿ ನಿಂತರೆ ಏನು ಮಾಡ್ತೀಯಾ?

ನನ್ನದು ಕೇಳು. 2021ರ ಜುಲೈ, ಬೆಳಗಾವಿಯಿಂದ ಚೋರ್ಲಾ ಘಟ್ಟದ ಮೇಲೆ ಗೋವಾಕ್ಕೆ. ಜಾಂಬೋಟಿ ದಾಟಿ ಕಣಕುಂಬಿ ಇನ್ನೂ ಬಂದಿರಲಿಲ್ಲ, ಕ್ಲಚ್ ಕೇಬಲ್ ಹರೀತು. ಮಳೆ ಅಂದರೆ ಹತ್ತು ಮಾರು ದೂರದ ಗಾಡಿ ಕಾಣದಂಥ ಮಳೆ. ನಾನು ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಮೊದಲೇ ಎಳೆದು ಟೇಪ್ ಸುತ್ತಿ ಇಟ್ಟಿದ್ದೆ, 220 ರೂಪಾಯಿಯ ಕೇಬಲ್. ಟ್ಯಾಂಕ್ ಎತ್ತೋ ಕೆಲಸವೇ ಇಲ್ಲ, ಎರಡು ತುದಿ ಸಿಕ್ಕಿಸಿದರೆ ಮುಗೀತು. ಬೆರಳು ಮರಗಟ್ಟಿ ಲಿವರ್ ಒಳಗೆ ಕೇಬಲ್ ತುದಿಯ ಸೀಸದ ಗುಂಡು ಕೂರುತ್ತಿರಲಿಲ್ಲ, ನಾಲ್ಕು ಸಲ ಜಾರಿತು, ಐದನೇ ಸಲಕ್ಕೆ ಕೂತಿತು. 25 ನಿಮಿಷ. ಮಧ್ಯಾಹ್ನದ ಊಟ ಪಣಜಿಯಲ್ಲೇ ಮಾಡಿದೆ. ಗಾಡಿ ಕೆಲಸ ಬರದವರು ದೂರದ ಪ್ರವಾಸಕ್ಕೆ ಹೋಗಲೇಬಾರದು, ಇದು ನನ್ನ ಮಾತು.

ಟಿಳಕವಾಡಿ ಅಕ್ಕ:
ಆ ಕೊನೆಯ ಮಾತು ಓದಿ ಸಿಟ್ಟು ಬಂತು. ಪಾನಾ ಹಿಡಿಯೋಕೆ ಬರೋರಿಗೆ ಮಾತ್ರ ರಸ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ ಅಣ್ಣಾ.

2024ರ ಜನವರಿ, ನಾನೊಬ್ಬಳೇ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಬೇಕು ಅಂತ ಹೊರಟೆ. ಯರಗಟ್ಟಿ ದಾಟಿದ ಮೇಲೆ ಗಾಡಿ ನಿಂತಿತು. ಕೀ ತಿರುಗಿಸಿದರೆ ಪಂಪಿನ ಗುಂಯ್ ಸದ್ದು ಬರಬೇಕಲ್ವಾ, ಬರಲಿಲ್ಲ. ಅಷ್ಟು ನನಗೂ ಗೊತ್ತು. 7.40ಕ್ಕೆ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿದೆ, ವರ್ಷಕ್ಕೆ ದುಡ್ಡು ಕಟ್ಟಿದ ಯೋಜನೆ. ಪಿಕಪ್ ಬಂದದ್ದು 1.15ಕ್ಕೆ. ಉಚಿತ ಮಿತಿ ಮುಗೀತು ಅಂತ ಹೆಚ್ಚಿನ ಕಿಲೋಮೀಟರಿಗೆ 1,140 ಇಸ್ಕೊಂಡರು. ಶೋರೂಮಿನಲ್ಲಿ ಒಂಬತ್ತು ದಿನ ಇಟ್ಟುಕೊಂಡರು. ಮೊದಲು ವಾರಂಟಿ ಇದೆ ಅಂದರು. ನಾಲ್ಕನೇ ದಿನ ಪೆಟ್ರೋಲಿನಲ್ಲಿ ನೀರು ಸಿಕ್ಕಿದೆ, ವಾರಂಟಿ ನಡೆಯಲ್ಲ ಅಂದರು. ಪಂಪ್ 7,680, ಮಜೂರಿ 620, ಟ್ಯಾಂಕ್ ತೊಳೆದದ್ದು 450. ಬಾದಾಮಿಯ ಲಾಡ್ಜಿಗೆ ಕಟ್ಟಿದ್ದ 2,200 ಹೋಯಿತು. ಆ ಪಂಪನ್ನು ರಸ್ತೆ ಮೇಲೆ ಬಿಚ್ಚಿ ಯಾರು ಸರಿ ಮಾಡ್ತಾರೆ? ನಿಮ್ಮ 220ರ ಕೇಬಲ್ ಕೂರಿಸಿದಂತೆ ಅಲ್ಲ ಅದು.

ಪೆಟ್ರೋಲ್ ಹಾಕಿಸಿದ ಬಿಲ್ಲು ಇಟ್ಟುಕೊಳ್ಳಿ, ಎಲ್ಲರಿಗೂ ಹೇಳ್ತೀನಿ. ನನ್ನ ಹತ್ತಿರ ಇರಲಿಲ್ಲ, ಹಾಗಾಗಿ ಬಂಕಿಗೆ ಹೋಗಿ ಜಗಳ ಆಡೋಕೂ ಆಗಲಿಲ್ಲ.

ಉದ್ಯಮಬಾಗ ಫಿಟ್ಟರ್:
ಅಕ್ಕಾ, ಸಿಟ್ಟು ಬೇಡ. ರಿಸರ್ವ್‌ನಲ್ಲೇ ಓಡಿಸುವ ರೂಢಿ ಇತ್ತಾ? ಟ್ಯಾಂಕ್ ಖಾಲಿ ಇಟ್ಟರೆ ಪಂಪ್ ಬಿಸಿಯಾಗಿ ಹೋಗುತ್ತೆ.

ಟಿಳಕವಾಡಿ ಅಕ್ಕ:
ಹಿಂದಿನ ರಾತ್ರಿ ಫುಲ್ ಟ್ಯಾಂಕ್ ಮಾಡಿಸಿದ್ದೆ. ಗಂಡಸರ ಗಾಡಿ ನಿಂತರೆ ಕಪ್ಲರ್ ತಪ್ಪು, ಕೇಬಲ್ ತಪ್ಪು. ನನ್ನ ಗಾಡಿ ನಿಂತರೆ ನನ್ನ ರೂಢಿ ತಪ್ಪು. ಇದನ್ನೇ ಶೋರೂಮಿನವರೂ ಕೇಳಿದ್ದರು, ಇದೇ ಧಾಟಿಯಲ್ಲಿ.

ಜಮಖಂಡಿ ಕಾಕಾ:
ಇದಕ್ಕೇ ನಾನು ಹಳೇ ಕಾರ್ಬ್ಯುರೇಟರ್ ಗಾಡಿ ಮಾರಿಲ್ಲ. 2004ರ ಗಾಡಿ, 100 ಸಿಸಿ, ಕಿಕ್ ಮಾತ್ರ. ಬ್ಯಾಟರಿ ಸತ್ತರೂ ಒಂದು ಕಿಕ್ಕಿಗೆ ಚಾಲು. ಜಮಖಂಡಿಯಿಂದ ಧರ್ಮಸ್ಥಳಕ್ಕೆ ಎರಡು ಸಲ ಹೋಗಿದ್ದೇನೆ, ಹಿಂದೆ ನನ್ನ ಮನೆಯವರು, ಟ್ಯಾಂಕಿನ ಮೇಲೆ ರೊಟ್ಟಿ ಗಂಟು. ಒಂದು ಸಲ ಲೋಕಾಪುರದ ಹತ್ತಿರ ಪ್ಲಗ್ ಕರ್ರಗಾಗಿ ನಿಂತಿತು, ಬಿಚ್ಚಿ ಉಜ್ಜಿ ಹಾಕಿದೆ, ಹೊರಟೆ. ತಳ್ಳಿದರೂ ಚಾಲು ಆಗಲಿಲ್ಲ ಅಂತ ಹುಡುಗ ಬರೆದಿದ್ದಾನೆ. ಪಂಪಿಗೆ ಕರೆಂಟ್ ಇಲ್ಲದೆ ಎಷ್ಟು ತಳ್ಳಿದರೇನು ಬಂತು?

ಸುಮ್ಮನೆ ಬಾಗಲಕೋಟೆ ಸ್ಟೇಷನ್ನಿಗೆ ಹೋಗಿ ರೈಲಿನ ಪಾರ್ಸೆಲ್ ಕೇಳು ತಮ್ಮಾ. ಟ್ಯಾಂಕ್ ಪೂರಾ ಖಾಲಿ ಮಾಡಿಸು, ಆರ್‌ಸಿ ಝೆರಾಕ್ಸ್ ತಗೋ, ಗೋಣಿತಟ್ಟು ಸುತ್ತಿಸು. ಗಾಡಿ ಮನೆ ಸೇರಲಿ, ನೀವು ಬಸ್ಸಿನಲ್ಲಿ ಗೋಕರ್ಣಕ್ಕೆ ಹೋಗಿ.

ನವನಗರ ಮೇಷ್ಟ್ರು:
ಕಾಕಾ, 100 ಸಿಸಿಯಲ್ಲಿ ಇಬ್ಬರು ಘಟ್ಟ ಇಳಿದ ಕಾಲ ಬೇರೆ. ನಮ್ಮ ಹುಡುಗನನ್ನು ಊರಿಗೆ ವಾಪಸ್ ಅಟ್ಟಬೇಡಿ. ಸರ್ವಿಸ್ ಮಾಡಿಸಿ ಎರಡೇ ದಿನಕ್ಕೆ ಹೊರಟದ್ದು ತಪ್ಪು, ಅದಷ್ಟೇ. ಒಂದು ವಾರ ಊರಲ್ಲೇ ಓಡಿಸಬೇಕಿತ್ತು. ಸರ್ವಿಸ್ ಮಾಡಿದವನು ಎಲ್ಲಿ ಏನು ಸಡಿಲ ಬಿಟ್ಟಿದ್ದಾನೋ, ಊರಲ್ಲೇ ಗೊತ್ತಾಗುತ್ತಿತ್ತು.

ವಿಜಯಪುರ ಹುಡುಗ:
ಮೀಟರ್ ಇಟ್ಟು ನೋಡಿಸಿದೆ. ಬೇರೆ ಬ್ಯಾಟರಿ ಹಾಕಿ ಚಾಲು ಮಾಡಿದರೆ 12.3ರಲ್ಲೇ ನಿಲ್ಲುತ್ತೆ, ಮೇಲೆ ಏರಲ್ಲ. ಕಪ್ಲರ್ ಬಿಚ್ಚಿಸಿದೆ ಮೇಷ್ಟ್ರೇ, ಅದು ಚೊಕ್ಕ ಇದೆ. ಇಂಜಿನ್ ಕವರ್ ತೆಗೆದಾಗ ಕಾಯಿಲ್ಲಿನ ಒಂದು ಬದಿ ಪೂರಾ ಕಪ್ಪಾಗಿತ್ತು, ಸುಟ್ಟ ವಾಸನೆ. ಸಾಮಾನು ನಾಳೆ ಸಂಜೆ ಹುಬ್ಬಳ್ಳಿ ಬಸ್ಸಿನಲ್ಲಿ ಬರುತ್ತಂತೆ, ಎಲ್ಲಾ ಸೇರಿ 5,600. ಮಾವನ ಮಗನ ರಜೆ ನಾಲ್ಕೇ ದಿನ, ಅವನು ವಾಪಸ್ ಹೋಗೋಣ ಅಂತಾನೆ. ರಿಪೇರಿ ಆದ ಮೇಲೆ ನಾನೊಬ್ಬನೇ ಹೋದರೆ ಆಗುತ್ತಾ?

ಟಿಳಕವಾಡಿ ಅಕ್ಕ:
ಹಳೇ ಕಾಯಿಲ್ ಕೈಗೆ ಇಸ್ಕೊಂಡು ಬಾ ತಮ್ಮಾ. ಬಿಲ್ಲಿನ ಮೇಲೆ ಪಾರ್ಟ್ ನಂಬರ್ ಬರೆಸು. ನನಗೆ ಹಳೇ ಪಂಪ್ ಕೊಡಲಿಲ್ಲ, ಅದು ನಿಜವಾಗಿ ಕೆಟ್ಟಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಉದ್ಯಮಬಾಗ ಫಿಟ್ಟರ್:
ನೋಡಿದಿರಾ ಮೇಷ್ಟ್ರೇ, ಕಾಯಿಲ್ಲೇ ಹೋಗಿತ್ತು. ನಿಮ್ಮ ಮಾತು ಕೇಳಿ ವೈರು ಕತ್ತರಿಸಿ ಬೆಸೆದಿದ್ದರೆ ಹುಡುಗನ ಗತಿ ಏನಾಗುತ್ತಿತ್ತು? ನಿಮ್ಮ ಗಾಡಿಯಲ್ಲೂ ಇವತ್ತಲ್ಲ ನಾಳೆ ಹೊಗೆ ಬರುತ್ತೆ, ಬರೆದಿಟ್ಟುಕೊಳ್ಳಿ.

ನವನಗರ ಮೇಷ್ಟ್ರು:
ಬಿಚ್ಚಿ ನೋಡು ಅಂದೆ, ಕತ್ತರಿಸು ಅಂದಿಲ್ಲ, ಮತ್ತೊಮ್ಮೆ ಓದಿ. ಆ ಮಿಸ್ತ್ರಿಯ ಕೈಕೆಲಸ ನೋಡದೆ ಮಾತಾಡಬೇಡಿ. ಶನಿವಾರ ಬಾಗಲಕೋಟೆಗೆ ಬನ್ನಿ, ನಿಮ್ಮ ಮೀಟರನ್ನೇ ತನ್ನಿ. ಸೈಡ್ ಕವರ್ ತೆಗೆದು ಇಟ್ಟಿರುತ್ತೇನೆ. ಒಂದು ತಾಸು ಓಡಿಸಿ ಬಂದು ಆ ಬೆಸುಗೆಯನ್ನು ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ.