ಬಟನ್ ಒತ್ತಿ ಒಗ್ಗರಣಿಗೆ ಹೋಗಿ ಬಂದೆ

ನನ್ನ ಲ್ಯಾಪ್‌ಟಾಪ್ ಎದ್ದೇಳಲು ಹನ್ನೊಂದು ನಿಮಿಷ ಬೇಕಾಗಿತ್ತು. ಇದು ಅಂದಾಜಿನ ಮಾತಲ್ಲ. ಬಟನ್ ಒತ್ತಿ, ಅಂಗಡಿಯ ಮೆಟ್ಟಿಲಿಳಿದು, ಎದುರಿನ ಬಂಡಿಯಲ್ಲಿ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ ತಿಂದು, ಚಹಾ ಕುಡಿದು, ಬಂಡಿಯ ಅಕ್ಕನ ಮಗ ಎಷ್ಟು ವಿಷಯದಲ್ಲಿ ಪಾಸಾದ ಎಂದು ಕೇಳಿ ಬಂದರೆ ಆಗ ಸರಿಯಾಗಿ ಪಾಸ್‌ವರ್ಡ್ ಕೇಳುತ್ತಿತ್ತು. ಪಾಸ್‌ವರ್ಡ್ ಹೊಡೆದ ಮೇಲೆ ಇನ್ನೊಂದು ಚಹಾ.

ನನ್ನದು ಕೊಪ್ಪಳದಲ್ಲಿ ಝೆರಾಕ್ಸ್ ಮತ್ತು ಅರ್ಜಿ ತುಂಬುವ ಸಣ್ಣ ಅಂಗಡಿ. ಒಂದು ದಿನ ಪಹಣಿ ತೆಗೆಸಲು ಬಂದ ಅಜ್ಜ ಬಹಳ ಹೊತ್ತು ಕಾದು, ಕೊನೆಗೆ ಹೇಳಿದ: "ತಮ್ಮಾ, ನಮ್ಮ ಮುದಿ ಎಮ್ಮೆ ಏಳೋದಕ್ಕೂ ಇಷ್ಟು ಹೊತ್ತು ತಗೊಳ್ಳಲ್ಲ. ಬಾಲ ತಿರುವಿ ನೋಡಿದ್ಯಾ?"

ಆ ಮಾತು ನಾಟಿತು. ಭಾನುವಾರ ಸಂಜೆ ಬಳಗ ಸೇರಿತು. ಪಕ್ಕದ ಭಾಗ್ಯನಗರದಲ್ಲಿ ಕೂದಲು ವ್ಯಾಪಾರ ಮಾಡುವ ಸಾವ್ಕಾರ, ನಿವೃತ್ತ ಮಾಸ್ತರು, ಟೇಲರ್ ಮಾಮಾ, ಮತ್ತೆ ಮೊಬೈಲ್ ರಿಪೇರಿ ಮಾಡುವ ಹುಡುಗ. ಹುಡುಗನನ್ನು ನಾವೆಲ್ಲ ತಮ್ಮ ಅಂತಲೇ ಕರೆಯುವುದು.

"ಎಲ್ಲ ಅಳಿಸಿ ಫಾರ್ಮ್ಯಾಟ್ ಹೊಡೆದುಬಿಡೋಣ ಅಣ್ಣಾ," ಎಂದ ತಮ್ಮ, ಲ್ಯಾಪ್‌ಟಾಪ್ ಇನ್ನೂ ಚೀಲದಲ್ಲೇ ಇರುವಾಗ. ಅವನಿಗೆ ಹಲ್ಲುನೋವು ಬಂದರೂ ಫಾರ್ಮ್ಯಾಟೇ ಮದ್ದು.

"ತಡಿ. ರಿಫ್ರೆಶ್ ಮಾಡಿದ್ದೀಯಾ?" ಎಂದರು ಮಾಸ್ತರು. ಅವರು ಮೌಸ್ ಹಿಡಿದರೆ ಮೊದಲು ರೈಟ್ ಕ್ಲಿಕ್, ಆಮೇಲೆ ರಿಫ್ರೆಶ್. ಒಂದು ಸಲ ಅಲ್ಲ, ಜಪ ಮಾಡಿದ ಹಾಗೆ. ಐಕಾನುಗಳು ಕಣ್ಣು ಮಿಟುಕಿಸಿದವು, ಅಷ್ಟೇ.

"ಮಾಸ್ತರೇ, ಅದು ಪರದೆ ಮೇಲಿನ ಚಿತ್ರಗಳನ್ನು ಅಳಿಸಿ ಮತ್ತೆ ಬರೆಯುತ್ತೆ. ಸ್ಪೀಡಿಗೂ ಅದಕ್ಕೂ ಸಂಬಂಧ ಇಲ್ಲ," ಎಂದ ತಮ್ಮ.

"ನಾನು ಮೂವತ್ತು ವರ್ಷ ಬೋರ್ಡ್ ಅಳಿಸಿ ಮತ್ತೆ ಬರೆದಿದ್ದೀನಲ್ಲೋ?"

"ಹುಡುಗರು ಚುರುಕಾದರಾ?"

ಮಾಸ್ತರು ಮಿರ್ಚಿಯ ಕಡೆ ತಿರುಗಿದರು.

ತಮ್ಮ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಒಳಗೆ ಯಾರು ಎಷ್ಟು ದುಡಿಯುತ್ತಿದ್ದಾರೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದ. ಲೆಕ್ಕ ಮಾಡುವ ಸಿಪಿಯು, ಅಂದರೆ ಪ್ರೊಸೆಸರು, 7 ಪರ್ಸೆಂಟ್. ಫೈಲು ಇಡುವ ಡಿಸ್ಕ್ 100 ಪರ್ಸೆಂಟ್. ಒಬ್ಬ ಬೀಡಿ ಸೇದುತ್ತಾ ಕೂತಿದ್ದಾನೆ, ಇನ್ನೊಬ್ಬ ಮೂಟೆ ಹೊತ್ತು ಸಾಯುತ್ತಿದ್ದಾನೆ. ಕೆಳಗೆ ಇನ್ನೊಂದು ಸಾಲು ಇತ್ತು: ಅಪ್ ಟೈಮ್, 23 ದಿನ.

"ಅಣ್ಣಾ, ಇದನ್ನು 23 ದಿನದಿಂದ ಬಂದ್ ಮಾಡೇ ಇಲ್ಲ."

ನನಗೆ ಸಿಟ್ಟು ಬಂತು. ದಿನಾ ರಾತ್ರಿ ಶಟ್‌ಡೌನ್ ಒತ್ತಿ, ದೀಪ ಆರಿದ್ದು ನೋಡಿ, ಕೈಮುಗಿದು ಶಟರ್ ಎಳೆಯುವ ಮನುಷ್ಯ ನಾನು. ಆಗ ಗೊತ್ತಾಗಿದ್ದು ಈ ವಿಷಯ. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಬಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೆ ಪೂರ್ತಿ ಬಂದ್ ಅಲ್ಲ. ನಮ್ಮ ಪ್ರೋಗ್ರಾಮುಗಳು ಮುಚ್ಚುತ್ತವೆ, ಆದರೆ ಸಿಸ್ಟಮ್ಮಿನ ಒಳಗಿನ ಸ್ಥಿತಿ ಹಾಗೇ ಒಂದು ಫೈಲಿನಲ್ಲಿ ಕೂತಿರುತ್ತದೆ. ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ, ಹಳೆಯ ತಕರಾರಿನ ಸಮೇತ. ನಿಜವಾಗಿ ಬಂದ್ ಆಗಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಕೊಟ್ಟಾಗ.

"ಗೊತ್ತಾಯ್ತು ಬಿಡು," ಎಂದ ಸಾವ್ಕಾರ. "ನಮ್ಮ ಹಳೇ ವಾಚ್‌ಮನ್. ಮನೆಗೆ ಹೋಗ್ತೀನಿ ಅಂತ ಹೇಳಿ ಗೋಡೌನಿನಲ್ಲೇ ಮಲಗಿರ್ತಿದ್ದ."

ರೀಸ್ಟಾರ್ಟ್ ಕೊಟ್ಟೆವು. ಹದಿನಾಲ್ಕು ನಿಮಿಷ ಆಯಿತು. ನಿಜವಾಗಿ ನಿದ್ದೆ ಮಾಡಿದವನು ಏಳಲು ಜಾಸ್ತಿ ಹೊತ್ತು ಬೇಕು ಅಲ್ವಾ?

ಆಮೇಲೆ ಸ್ಟಾರ್ಟಪ್ ಪಟ್ಟಿ. ಲ್ಯಾಪ್‌ಟಾಪ್ ಎದ್ದ ತಕ್ಷಣ ತಾವೂ ಏಳುತ್ತೇವೆ ಎಂದು ಹೆಸರು ಬರೆಸಿಕೊಂಡವರ ಪಟ್ಟಿ ಅದು. ಹದಿನೇಳು ಜನ. ಓದುತ್ತಾ ಹೋದ ಹಾಗೆ ಬಳಗದಲ್ಲಿ ಒಬ್ಬೊಬ್ಬರದೇ ತಲೆ ತಗ್ಗಿತು. ಮೊದಲನೇ ಆಂಟಿವೈರಸ್ ಟೇಲರ್ ಮಾಮಾ ಪೆನ್‌ಡ್ರೈವಿನಲ್ಲಿ ತಂದು ಹಾಕಿದ್ದು. ಎರಡನೆಯದು ಮಾಸ್ತರ ಅಳಿಯ ಕಳಿಸಿದ್ದು. ಎರಡೂ ಒಂದನ್ನೊಂದು ಕಳ್ಳ ಎಂದು ತಿಳಿದು ವರ್ಷಗಟ್ಟಲೆ ಬೊಗಳುತ್ತಿದ್ದವು. ಹೊರದೇಶದ ಗಿರಾಕಿಗಳ ಜೊತೆ ಮಾತಾಡುವ ಆ್ಯಪು ಸಾವ್ಕಾರನದು, ಒಂದೇ ದಿನ ಬಳಸಿದ್ದ. 2019ರಲ್ಲೇ ಸತ್ತ ಪ್ರಿಂಟರಿನ ಸಾಫ್ಟ್‌ವೇರು ದಿನಾ ಬೆಳಿಗ್ಗೆ ಎದ್ದು ಪ್ರಿಂಟರನ್ನು ಹುಡುಕುತ್ತಿತ್ತು, ಪಾಪ. ಇನ್ನು 'ಲ್ಯಾಪ್‌ಟಾಪ್ ವೇಗ ಹೆಚ್ಚಿಸುವ' ಪ್ರೋಗ್ರಾಮು ಒಂದಲ್ಲ, ಮೂರು. ಮೂರೂ ತಮ್ಮನೇ ಹಾಕಿದ್ದು.

"ಆಗ ನಾನು ಸಣ್ಣವನಿದ್ದೆ," ಎಂದ.

ಕನ್ನಡ ಟೈಪ್ ಮಾಡುವ 'ನುಡಿ' ಪ್ರೋಗ್ರಾಮನ್ನು ಬಿಟ್ಟು ಉಳಿದ ಹೆಚ್ಚಿನದನ್ನೆಲ್ಲ ಡಿಸೇಬಲ್ ಮಾಡಿದೆವು. ಆಂಟಿವೈರಸ್ ಎರಡನ್ನೂ ಕಿತ್ತು ಹಾಕಿ, ವಿಂಡೋಸ್ ಜೊತೆ ಬರುವುದನ್ನೇ ಉಳಿಸಿಕೊಂಡೆವು. ಏಳು ನಿಮಿಷಕ್ಕೆ ಇಳಿಯಿತು.

ಈ ನಡುವೆ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿತ್ತು. ಟೇಲರ್ ಮಾಮಾ ಮಶಿನ್ನಿನ ಸಣ್ಣ ಸ್ಕ್ರೂಡ್ರೈವರ್ ತಂದ. ಹಿಂಬದಿ ತೆರೆದರೆ ಫ್ಯಾನು ಕಾಣಲೇ ಇಲ್ಲ. ಅದರ ಜಾಗದಲ್ಲಿ ಕಪ್ಪು ಗೂಡೊಂದು ಇತ್ತು. ಧೂಳು, ದಾರದ ಎಳೆ, ಕೂದಲು ಎಲ್ಲ ಸೇರಿ ಕಂಬಳಿ ನೇಯ್ದಂತೆ ಆಗಿತ್ತು. ಗಾಳಿ ಹೊರಗೆ ಹೋಗುವ ಕಿಂಡಿಗೂ ಅದೇ ಬೆಣೆ ಹೊಡೆದಿತ್ತು. ಬಿಸಿ ಹೊರಗೆ ಹೋಗದಿದ್ದರೆ ಪ್ರೊಸೆಸರು ಸುಟ್ಟುಕೊಳ್ಳದಿರಲಿ ಎಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೊಪ್ಪಳದ ಏಪ್ರಿಲ್ಲಿನಲ್ಲಿ ನಾವೂ ಅದನ್ನೇ ಮಾಡುತ್ತೇವೆ.

ಸಾವ್ಕಾರನ ಕಣ್ಣು ಹೊಳೆಯಿತು. ಭಾಗ್ಯನಗರದಲ್ಲಿ ಕೂದಲೆಂದರೆ ಕಸವಲ್ಲ, ಮಾಲು. ಸಿಕ್ಕು ಬಿಡಿಸಿ, ಬಾಚಿ, ಇಂಚಿನ ಲೆಕ್ಕದಲ್ಲಿ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ಅವನು ಗೂಡಿನಿಂದ ಒಂದೇ ಒಂದು ಎಳೆಯನ್ನು ಉಗುರಿನಿಂದ ಎಳೆದ. ಬೆಳಕಿಗೆ ಹಿಡಿದ. ಎರಡು ಬೆರಳ ನಡುವೆ ತಿಕ್ಕಿದ. ಟೇಲರ್ ಮಾಮಾನ ಕೊರಳಲ್ಲಿದ್ದ ಟೇಪಿಗೆ ಹಚ್ಚಿ ನೋಡಿದ.

"ಹದಿನೆಂಟು ಇಂಚು. ಬಣ್ಣ ಹಾಕಿಲ್ಲ. ಒಳ್ಳೇ ಮಾಲು. ಈ ಲ್ಯಾಪ್‌ಟಾಪ್ ಮೊದಲು ನನ್ನ ಗೋಡೌನಿನಲ್ಲಿತ್ತಲ್ಲ? ಹಾಗಾದರೆ ಇದು ನನ್ನದು."

"ನಿನ್ನದಾದರೆ ಇಷ್ಟು ವರ್ಷದ ಗೋಡೌನ್ ಬಾಡಿಗೆ ಕೊಡು," ಎಂದೆ. ಬೋಳುತಲೆಯವನಾದ ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಅದೊಂದು ಸಮಾಧಾನ.

ಬ್ರಷ್ ಹಾಕಿ ತೆಗೆದು, ಪ್ರೊಸೆಸರಿನ ಬಿಸಿ ಎಳೆದುಕೊಳ್ಳಲು ಹಚ್ಚುವ, ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು. ಗಿರಣಿ ನಿಂತಿತು. ಆದರೆ ನಿಮಿಷ ಆರೂವರೆಗಿಂತ ಕೆಳಗೆ ಇಳಿಯಲಿಲ್ಲ. ಇಷ್ಟೆಲ್ಲ ಕೂದಲಿಗೆ ಅರ್ಧ ನಿಮಿಷ!

"ಅಸಲಿ ಕಳ್ಳ ಇವನು," ಎಂದು ತಮ್ಮ ಹಾರ್ಡ್ ಡಿಸ್ಕ್ ಮುಟ್ಟಿ ತೋರಿಸಿದ. "ಒಳಗೆ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ."

"ಅಷ್ಟು ತಿರುಗಿದರೂ ನಿಧಾನವಾ?"

ನನಗೆ ಅರ್ಥವಾಗಿದ್ದು ಹೀಗೆ. ನಮ್ಮೂರ ಗವಿಮಠದ ಜಾತ್ರೆಯ ದಾಸೋಹ ಅಂದುಕೊಳ್ಳಿ. ಪಂಕ್ತಿ ಉದ್ದಕ್ಕೂ ಕೂತಿದೆ, ಬಡಿಸುವವನು ಒಬ್ಬನೇ. ಸಾಲಾಗಿ ಬಡಿಸುತ್ತಾ ಹೋದರೆ ಓಡಿ ಓಡಿ ಬಡಿಸುತ್ತಾನೆ. ಆದರೆ ಈ ಮೂಲೆಯವನು ಉಪ್ಪು, ಆ ಮೂಲೆಯವನು ಸಾರು, ನಡುವಿನವನು ಮಿರ್ಚಿ ಎಂದು ಒಟ್ಟಿಗೆ ಕೂಗಿದರೆ? ಅವನ ಹೊತ್ತೆಲ್ಲ ನಡೆಯುವುದರಲ್ಲೇ ಹೋಗುತ್ತದೆ. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಸಣ್ಣ ಫೈಲುಗಳು ಹೀಗೇ ಕೂಗುತ್ತವೆ, ತಟ್ಟೆಯ ಮೇಲೆ ಓದುವ ಕೈ ಅತ್ತಿಂದಿತ್ತ ಓಡಾಡುತ್ತದೆ. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಓಡಾಡುವ ಕೈಯೂ ಇಲ್ಲ, ಬರೀ ಎಲೆಕ್ಟ್ರಾನಿಕ್ ಚಿಪ್. ಕೂಗಿದವನ ಎಲೆಗೆ ಅಲ್ಲಿಂದಲೇ ಬೀಳುತ್ತದೆ.

ತಮ್ಮ ಡಿಸ್ಕಿನ ಆರೋಗ್ಯ ನೋಡುವ ಒಂದು ಉಚಿತ ಪ್ರೋಗ್ರಾಮ್ ಓಡಿಸಿದ. ಹಳದಿ ಬಣ್ಣ ಬಂತು. ಕೆಲವು ಸೆಕ್ಟರುಗಳು, ಅಂದರೆ ಡಿಸ್ಕಿನ ಸಣ್ಣ ಸಣ್ಣ ಖಾನೆಗಳು, ಕೆಟ್ಟಿವೆ ಎಂದು ಅರ್ಥ.

"ಕೋಟಿಗಟ್ಟಲೆ ಸೆಕ್ಟರಿನಲ್ಲಿ ನಾಲ್ಕು ಕೆಟ್ಟರೆ ಏನಾಯ್ತೋ?" ಎಂದರು ಮಾಸ್ತರು.

"ಮಾಸ್ತರೇ, ನಮ್ಮ ತುಂಗಭದ್ರಾ ಡ್ಯಾಮಿಗೆ ಎಷ್ಟು ಗೇಟು?"

"ಮೂವತ್ಮೂರು."

"2024ರ ಆಗಸ್ಟಿನಲ್ಲಿ ಚೈನು ಕಡಿದು ಹೋಗಿದ್ದು ಎಷ್ಟು?"

"...ಒಂದು. ಹತ್ತೊಂಬತ್ತನೆಯದು."

ಯಾರೂ ಮಾತಾಡಲಿಲ್ಲ. ಆ ವಾರ ನದಿಗೆ ಹರಿದು ಹೋದ ನೀರು ಎಲ್ಲರ ಕಣ್ಣ ಮುಂದೆ ಬಂತು. ಟೇಲರ್ ಮಾಮಾ ಮೆತ್ತಗೆ ಹೇಳಿದ: "ಮೊದಲು ಫೋಟೋ ಎಲ್ಲ ಬೇರೆ ಕಡೆ ಇಳಿಸಿಕೊಳ್ಳಪ್ಪಾ." ಆ ಸಂಜೆಯ ಏಕೈಕ ಬುದ್ಧಿಮಾತು ಅದು. ಫಾರ್ಮ್ಯಾಟ್ ಹೊಡೆದಿದ್ದರೆ ಮಗಳ ನಾಮಕರಣವೂ ಹೋಗಿ, ಕೆಟ್ಟ ಡಿಸ್ಕು ಕೆಟ್ಟದ್ದಾಗೇ ಉಳಿಯುತ್ತಿತ್ತು.

ಮುಂದಿನದು ಬೇಗ ಆಯಿತು. ಎರಡು ಸಾವಿರ ಚಿಲ್ಲರೆಗೆ 240 ಜಿಬಿ ಎಸ್‌ಎಸ್‌ಡಿ ತಂದೆವು. ಯುಎಸ್‌ಬಿ ಕೇಬಲ್ ಹಚ್ಚಿ ಹಳೆಯದನ್ನು ಹಾಗೇ ನಕಲು ಮಾಡಲು ಬಿಟ್ಟೆವು. ಕೆಟ್ಟ ಜಾಗ ಬಂದಾಗೆಲ್ಲ ಎಡವಿ ಎಡವಿ ಬೆಳಗಿನ ಜಾವಕ್ಕೆ ಮುಗಿಯಿತು. ತಮ್ಮ ಗುಜರಿ ಡಬ್ಬಿಯಿಂದ ಇನ್ನೊಂದು 4 ಜಿಬಿ ರ‍್ಯಾಮ್ ಹುಡುಕಿ ಹಾಕಿದ. ಮಾಸ್ತರು ವಿಂಡೋಸ್ 11 ಹಾಕು ಎಂದು ಹಠ ಹಿಡಿದರು. ಅದು ಇಂಟೆಲ್ ಆದರೆ ಎಂಟನೇ ಪೀಳಿಗೆ ಪ್ರೊಸೆಸರ್ ಬೇಕು ಅನ್ನುತ್ತದೆ, ನನ್ನದು ಐದನೆಯದು. ಇತ್ತ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಮುಂದೆ ವಿಂಡೋಸ್ ಬದಲು ಲಿನಕ್ಸ್ ಹಾಕೋಣ ಎನ್ನುತ್ತಾನೆ ತಮ್ಮ. ಅದು ಇನ್ನೊಂದು ಭಾನುವಾರದ ಮಿರ್ಚಿ ಖರ್ಚು.

ಹಳೇ ಡಿಸ್ಕನ್ನು ಟೇಲರ್ ಮಾಮಾ ಬಿಚ್ಚಿದ. ಒಳಗಿನ ಅಯಸ್ಕಾಂತ ಈಗ ಅವನ ಅಂಗಡಿಯಲ್ಲಿ ನೆಲಕ್ಕೆ ಬಿದ್ದ ಸೂಜಿ, ಗುಂಡುಪಿನ್ನು ಎತ್ತುತ್ತಿದೆ. ಕನ್ನಡಿಯಂತೆ ಹೊಳೆಯುವ ತಟ್ಟೆಯನ್ನು ಸಾವ್ಕಾರ ಒಯ್ದ. ತಲೆ ಬಾಚಿಕೊಳ್ಳಲಿಕ್ಕಂತೆ.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದು ಬಟನ್ ಒತ್ತಿದೆ. ಕಾಲು ತಾವಾಗಿಯೇ ಮೆಟ್ಟಿಲಿಳಿದವು. ಒಗ್ಗರಣಿ, ಎರಡು ಮಿರ್ಚಿ, ಚಹಾ. ಬಂಡಿಯ ಅಕ್ಕನ ಮಗ ಮತ್ತೆ ಪರೀಕ್ಷೆಗೆ ಕಟ್ಟಿದ್ದಾನಂತೆ. ವಾಪಸ್ ಬಂದು ನೋಡಿದರೆ ಪರದೆ ಕಪ್ಪಗಿತ್ತು. ಎದೆ ಧಸಕ್ಕೆಂದಿತು. ಬೆಂಚಿನ ಮೇಲೆ ಅದೇ ಪಹಣಿ ಅಜ್ಜ ಕೂತಿದ್ದ.

"ಆಗಲೇ ಎದ್ದಿತ್ತು ತಮ್ಮಾ," ಎಂದ. "ನಿನ್ನನ್ನು ಕಾದು ಕಾದು ಮತ್ತೆ ಮಲಗಿತು."